ಒಂಬತ್ತನೇ ತಾರೀಖಿನ ಬಸುರಿಯರ ತಪಾಸಣೆ: ಐದಕ್ಕೆ ಮೂರೂವರೆ

ಹೋಟೆಲಿಗೆ, ಮಿಕ್ಸಿಗೆ, ಮೊಬೈಲಿಗೆ ಅಂಕ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಸರ್ಕಾರಿ ದವಾಖಾನೆಯ ಬಸುರಿಯರ ತಪಾಸಣೆಗೆ ಅಂಕ ಕೊಟ್ಟವರನ್ನು ಮಾತ್ರ ನಾನು ಕಂಡಿಲ್ಲ. ಪುಕ್ಕಟೆ ಸಿಗುವುದರಲ್ಲಿ ಒಳ್ಳೆಯದು ಕೆಟ್ಟದ್ದು ಏನು ನೋಡುವುದು ಎಂದುಕೊಂಡಿರಬಹುದು. ಅದು ಎಷ್ಟರಮಟ್ಟಿಗೆ ಪುಕ್ಕಟೆ ಎಂಬುದನ್ನು ಮುಂದೆ ಹೇಳುತ್ತೇನೆ. ಮೊದಲು ನನ್ನ ಪರಿಚಯ ಆಗಬೇಕು. ಬಸುರಿಯೂ ಅಲ್ಲ, ನರ್ಸೂ ಅಲ್ಲ, ಇವಳಿಗೇನು ಗೊತ್ತು ಎಂದು ಯಾರಾದರೂ ಕೇಳಿಯಾರು.

ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ನನ್ನದು ಹೊಲಿಗೆ ಅಂಗಡಿ. ಅಂಗಡಿ ಎಂದರೆ ಮನೆಯ ಪಡಸಾಲೆಯಲ್ಲಿ ಒಂದು ಮಷಿನ್, ಒಂದು ಕನ್ನಡಿ, ಗೋಡೆಯ ಮೊಳೆಗಳ ತುಂಬ ರವಿಕೆಗಳು. ಊರಿನಲ್ಲಿ ಯಾರು ಬಸುರಿ ಎಂಬುದು ಆಶಾ ಕಾರ್ಯಕರ್ತೆಗಿಂತ ಮೊದಲು ನನಗೆ ತಿಳಿಯುತ್ತದೆ. "ಅಕ್ಕಾ, ಈ ರವಿಕೆ ಎದೆಯ ಹತ್ತಿರ ಬಿಗಿಯಾಗಿದೆ, ಒಂದು ಹೊಲಿಗೆ ಬಿಚ್ಚಿಕೊಡು" ಎಂದು ಹೊಸದಾಗಿ ಮದುವೆಯಾದ ಹುಡುಗಿ ಬಂದು ನಿಂತರೆ ನಾನು ಅವಳ ಮುಖ ನೋಡುತ್ತೇನೆ, ಅವಳು ನೆಲ ನೋಡುತ್ತಾಳೆ. "ಆಶಾ ಅಕ್ಕನಿಗೆ ಹೇಳಿದೆಯೇನವ್ವಾ?" ಎಂದರೆ ಬರುವ ಉತ್ತರ ಒಂದೇ: "ಇನ್ನೂ ಇಲ್ಲ. ಮೂರು ತಿಂಗಳು ತುಂಬಲಿ, ಆಮೇಲೆ ಹೇಳೋಣ ಎಂದಿದ್ದಾರೆ ಅತ್ತೆ."

ಬಸಿರು ನಿಲ್ಲುತ್ತದೋ ಇಲ್ಲವೋ ಎಂಬ ಅಂಜಿಕೆ, ಯಾರದಾದರೂ ದೃಷ್ಟಿ ತಾಗೀತು ಎಂಬ ಅಂಜಿಕೆ. ಸರ್ಕಾರದವರು ಹನ್ನೆರಡು ವಾರದೊಳಗೆ ಹೆಸರು ಬರೆಸಿ ಎನ್ನುತ್ತಾರೆ, ಮನೆಯವರು ಹನ್ನೆರಡು ವಾರ ಬಾಯಿ ಬಿಡಬೇಡ ಎನ್ನುತ್ತಾರೆ. ಎರಡೂ ಕಡೆಯ ಲೆಕ್ಕ ಒಂದೇ ದಿನಕ್ಕೆ ಬಂದು ನಿಲ್ಲುತ್ತದೆ, ಒಬ್ಬರಿಗೆ ಅದು ಕೊನೆಯ ದಿನ, ಇನ್ನೊಬ್ಬರಿಗೆ ಮೊದಲನೆಯದು. ಆ ಹುಡುಗಿ ಊರಿನ ಬಸುರಿಯರ ಪಟ್ಟಿಗೆ ಸೇರುವ ಹೊತ್ತಿಗೆ ನಾನು ಎರಡು ರವಿಕೆ ಸಡಿಲ ಮಾಡಿಕೊಟ್ಟಿರುತ್ತೇನೆ.

ಹೋದ ವರ್ಷ ನನ್ನ ಸೊಸೆಯೇ ಬಸುರಿಯಾದಳು. ಮಗ ಬೆಂಗಳೂರಿನಲ್ಲಿ ಗಾರೆ ಕೆಲಸದಲ್ಲಿದ್ದಾನೆ. ಹಾಗಾಗಿ ಅವಳ ಜೊತೆ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಕೂರುವ ಕೆಲಸ ನನ್ನದಾಯಿತು. ಆ ಬೆಂಚಿನ ಮೇಲೆ ಕುಳಿತು ನೋಡಿದ್ದು, ಪಕ್ಕದಲ್ಲಿ ಕುಳಿತವರು ಹೇಳಿದ್ದು, ನನ್ನ ಮಷಿನ್ ಮುಂದೆ ಕುಳಿತವರು ಅಲ್ಲಿಗೆ ಏಕೆ ಹೋಗುವುದಿಲ್ಲ ಎಂದು ಹೇಳಿದ್ದು, ಎಲ್ಲ ಸೇರಿ ಈ ಬರಹ. ಕೇಂದ್ರದ ಹೆಸರು ಬರೆಯುವುದಿಲ್ಲ. ಅಲ್ಲಿ ದುಡಿಯುವವರಿಗೆ ನನ್ನಿಂದ ತೊಂದರೆಯಾಗುವುದು ಬೇಡ.

ಸೇವೆ ಏನೆಂದು ಮೊದಲು ಹೇಳುತ್ತೇನೆ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಪ್ರತಿ ತಿಂಗಳು 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕನೇ ತಿಂಗಳಿನಿಂದ ಮುಂದಿನ ಬಸುರಿಯರನ್ನು ವೈದ್ಯರೇ ಪರೀಕ್ಷಿಸಬೇಕು, ಹಣ ಕೇಳುವಂತಿಲ್ಲ. ನಮ್ಮಲ್ಲಿ ಯಾರೂ ಆ ಉದ್ದ ಹೆಸರು ಹೇಳುವುದಿಲ್ಲ. "ಒಂಬತ್ತರ ತಪಾಸಣೆ" ಎಂದರೆ ಎಲ್ಲರಿಗೂ ತಿಳಿಯುತ್ತದೆ. ತೂಕ, ಬಿಪಿ, ರಕ್ತ, ಮೂತ್ರ, ಸಕ್ಕರೆ, ಹೊಟ್ಟೆಯ ಅಳತೆ, ಮಗುವಿನ ಎದೆಬಡಿತ, ಗುಳಿಗೆ, ಬೇಕಾದವರಿಗೆ ಸೂಜಿ. ಎಲ್ಲವನ್ನೂ ತಾಯಿ ಕಾರ್ಡಿನಲ್ಲಿ ಬರೆದು ಕೊಡುತ್ತಾರೆ.

ಅಲ್ಲಿಗೆ ಹೋಗಿ ಸೇರುವುದು ಮೊದಲ ಪರೀಕ್ಷೆ. 2023ರ ಜೂನ್ 11ರಿಂದ ನಮಗೆ ಬಸ್ಸಿನಲ್ಲಿ ಟಿಕೆಟ್ ಹಣ ಇಲ್ಲ. ಶಕ್ತಿ ಯೋಜನೆಯನ್ನು ಯಾರು ಎಷ್ಟಾದರೂ ಬೈಯಲಿ, ಬಸುರಿಯರ ಮಟ್ಟಿಗೆ ಅದು ಮಾಡಿದ ಉಪಕಾರವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಿಂದೆ ಗಂಡನ ಕೈಯಿಂದ ಹಣ ಬರಲಿ ಎಂದು ಕಾಯುತ್ತಿದ್ದವರು ಈಗ ಆಧಾರ್ ಕಾರ್ಡ್ ಹಿಡಿದು ಹೊರಟುಬಿಡುತ್ತಾರೆ. ಆದರೆ ಟಿಕೆಟ್ ಇಲ್ಲದಿದ್ದರೆ ಸಾಲದು, ಬಸ್ಸೂ ಇರಬೇಕಲ್ಲ. ನಮ್ಮೂರಿಗೆ ಬೆಳಿಗ್ಗೆ ಒಂದು ಬರುತ್ತದೆ, ಮಧ್ಯಾಹ್ನ ಒಂದು ತಿರುಗಿ ಬರುತ್ತದೆ, ಆಮೇಲೆ ಸಂಜೆಗೇ. ನಡುವೆ ಬೇಕೆಂದರೆ ಟಂಟಂ. ಟಂಟಂ ಚಾಲಕನಿಗೆ ಶಕ್ತಿ ಯೋಜನೆ ಅನ್ವಯಿಸುವುದಿಲ್ಲ. ಹದಿನಾಲ್ಕು ಜನರನ್ನು ತುಂಬಿಕೊಂಡು ಆ ಹೊಂಡದ ರಸ್ತೆಯಲ್ಲಿ ಅವನು ಓಡಿಸುವ ರೀತಿಗೆ ಏಳು ತಿಂಗಳಿನವಳು ಕುಳಿತರೆ ಹೆರಿಗೆ ಅಲ್ಲಿಯೇ ಆದೀತು.

ಈ ಮಧ್ಯಾಹ್ನದ ಬಸ್ಸನ್ನು ನೆನಪಿಟ್ಟುಕೊಳ್ಳಿ, ಸಕ್ಕರೆ ಪರೀಕ್ಷೆಗೂ ಅದಕ್ಕೂ ಸಂಬಂಧ ಇದೆ. ಎಪ್ಪತ್ತೈದು ಗ್ರಾಂ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಸುತ್ತಾರೆ. ಸರಿಯಾಗಿ ಎರಡು ಗಂಟೆಯ ನಂತರ ರಕ್ತ ತೆಗೆಯುತ್ತಾರೆ, 140 ದಾಟಿದರೆ ಬಸಿರಿನ ಸಕ್ಕರೆ ಕಾಯಿಲೆ ಎಂದು ಲೆಕ್ಕ. ಖಾಲಿ ಹೊಟ್ಟೆಯಲ್ಲಿ ಬರಬೇಕೆಂಬ ನಿಯಮ ಇಲ್ಲ, ಅದು ಹಳ್ಳಿಯವರಿಗೆ ಅನುಕೂಲ. ಆದರೆ ಎರಡು ಗಂಟೆ? ನಮ್ಮ ಕೇಂದ್ರದಲ್ಲಿ ಹೆಸರು ಬರೆಸಿ, ತೂಕ ನೋಡಿಸಿ, ಆ ಸಿಹಿ ನೀರು ಕೈಗೆ ಬರುವಷ್ಟರಲ್ಲಿ ಹನ್ನೊಂದು ಹೊಡೆದಿರುತ್ತದೆ. ಬಸ್ಸು ಹನ್ನೆರಡೂವರೆಗೆ. ನೀರು ಕುಡಿದು ರಕ್ತ ಕೊಡದೆ ಬಸ್ಸು ಹತ್ತಿದ ಹೆಂಗಸರನ್ನು ನಾನು ನೋಡಿದ್ದೇನೆ. ಕಾರ್ಡಿನಲ್ಲಿ ಆ ಕಾಲಂ ಖಾಲಿ ಉಳಿಯುತ್ತದೆ. ಮುಂದಿನ ಸಲ ಬೇರೆ ಸಿಸ್ಟರ್ ಅದನ್ನು ನೋಡಿ, "ಇವರಿಗೆ ಎಷ್ಟು ಹೇಳಿದರೂ ತಿಳಿಯುವುದಿಲ್ಲ" ಎನ್ನುತ್ತಾರೆ. ತಿಳಿಯದ್ದು ಯಾರಿಗೆ? ಬಂದ ಕೂಡಲೇ ಮೊದಲು ಆ ನೀರು ಕುಡಿಸಿ, ಆಮೇಲೆ ಉಳಿದದ್ದು ಬರೆದುಕೊಂಡರೆ ಮುಗಿಯಿತು. ಇದನ್ನು ನಾನು ಹೇಳಿದೆ. "ಮೊದಲು ನೋಂದಣಿ ಆಗಬೇಕಮ್ಮಾ" ಎಂಬ ಉತ್ತರ ಬಂತು. ಇದಕ್ಕೆ ಅರ್ಧ ಅಂಕ ಕಡಿತ.

ನನ್ನ ಸೊಸೆ ಆ ನೀರು ಕುಡಿದು ಅರ್ಧ ಗಂಟೆಯೊಳಗೆ ವಾಂತಿ ಮಾಡಿಕೊಂಡಳು. ಹಾಗಾದರೆ ಆ ದಿನದ ಪರೀಕ್ಷೆ ಲೆಕ್ಕಕ್ಕಿಲ್ಲ, ಇನ್ನೊಂದು ದಿನ ಬರಬೇಕು. ಬಂದೆವು. ನನ್ನದು ಸ್ವಂತ ಮಷಿನ್, ಒಂದು ದಿನ ನಿಲ್ಲಿಸಿದರೆ ಮರುದಿನ ರಾತ್ರಿ ತುಳಿದು ಸರಿದೂಗಿಸುತ್ತೇನೆ. ಕೂಲಿಯವರ ಕಥೆ ಬೇರೆ. ಹೋದ ವರ್ಷ ಉದ್ಯೋಗ ಖಾತ್ರಿಯಲ್ಲಿ ದಿನದ ಕೂಲಿ 370 ರೂಪಾಯಿ ಇತ್ತು. ಬಸುರಿಯನ್ನು ಒಬ್ಬಳೇ ಕಳಿಸುವುದಿಲ್ಲ, ಜೊತೆಗೆ ಅತ್ತೆಯೋ ನಾದಿನಿಯೋ ಬರುತ್ತಾರೆ. ಇಬ್ಬರ ಕೂಲಿ 740. ಪುಕ್ಕಟೆ ತಪಾಸಣೆಯ ಬೆಲೆ ಅಲ್ಲಿಂದ ಶುರು. ಹತ್ತಿ ಬಿಡಿಸುವ ಕಾಲದಲ್ಲಂತೂ ಕಿಲೋ ಲೆಕ್ಕದ ದುಡಿಮೆ, ನಸುಕಿಗೆ ಹೋದವರಿಗೆ ಹೆಚ್ಚು. ನವೆಂಬರ್‌ನಿಂದ ಜನವರಿಯವರೆಗೆ ಆ ಬೆಂಚು ಅರ್ಧ ಖಾಲಿ ಇರುತ್ತದೆ. ಎಂಟು ತಿಂಗಳಿನವರೂ ಸೊಂಟಕ್ಕೆ ಬಟ್ಟೆಯ ಜೋಳಿಗೆ ಕಟ್ಟಿಕೊಂಡು ಹತ್ತಿ ಹೊಲದಲ್ಲಿ ಇರುತ್ತಾರೆ. ಆ ಜೋಳಿಗೆಗಳನ್ನೂ ನಾನೇ ಹೊಲಿದುಕೊಡುವುದು.

ಒಳಗಿನ ಕೆಲಸಕ್ಕೆ ಬರುತ್ತೇನೆ. ಹೊಟ್ಟೆಯ ಅಳತೆ ತೆಗೆದುಕೊಳ್ಳುವುದು ನನ್ನ ಕಸುಬಿಗೆ ಹತ್ತಿರದ್ದು, ಹಾಗಾಗಿ ಕಣ್ಣು ಅಲ್ಲಿಯೇ ನೆಟ್ಟಿತ್ತು. ಕೆಳಗಿನ ಎಲುಬಿನಿಂದ ಗರ್ಭಕೋಶದ ತುದಿಯವರೆಗೆ ಟೇಪ್ ಹಿಡಿಯುತ್ತಾರೆ. ಐದು ತಿಂಗಳು ದಾಟಿದ ಮೇಲೆ ಎಷ್ಟು ವಾರವೋ ಹೆಚ್ಚು ಕಡಿಮೆ ಅಷ್ಟೇ ಸೆಂಟಿಮೀಟರ್ ಬರಬೇಕು. ತೀರ ಕಡಿಮೆಯಾದರೆ ಮಗು ಬೆಳೆಯುತ್ತಿಲ್ಲವೇನೋ ಎಂಬ ಸಂಶಯ, ತೀರ ಹೆಚ್ಚಾದರೆ ಅವಳಿಯೋ ನೀರು ಹೆಚ್ಚಿದೆಯೋ ಎಂಬ ಸಂಶಯ. ಎಂಥ ಸರಳ ಉಪಾಯ! ಅದನ್ನು ನೋಡಿ ನನಗೆ ಬಹಳ ಖುಷಿಯಾಯಿತು. ಆದರೆ ಆ ಟೇಪಿನ ಮುಂದಿನ ತಗಡು ಕಿತ್ತುಹೋಗಿತ್ತು, ಅದರ ಜೊತೆ ಮೊದಲ ಸೆಂಟಿಮೀಟರೂ ಹೋಗಿತ್ತು. ಸಿಸ್ಟರ್ ಹರಿದ ತುದಿಯಿಂದಲೇ ಹಿಡಿಯುತ್ತಿದ್ದರು. ಅಂದರೆ ಊರಿನ ಎಲ್ಲ ಬಸುರಿಯರ ಹೊಟ್ಟೆಯೂ ಒಂದು ಸೆಂಟಿಮೀಟರ್ ಹೆಚ್ಚು. "ಸಿಸ್ಟರ್, ನಿಮ್ಮ ಟೇಪು ಒಂದರಿಂದ ಶುರುವಾಗುತ್ತದೆ" ಎಂದೆ. ಅವರು ಟೇಪನ್ನು ಬೆಳಕಿಗೆ ಹಿಡಿದು ನೋಡಿ ನಕ್ಕರು, ಒಂದು ಕಳೆದು ಬರೆದರು. ಮುಂದಿನ ತಿಂಗಳು ಹೋದಾಗ ಹೊಸ ಟೇಪ್ ಇತ್ತು. ಹೇಳಿದ ಮಾತನ್ನು ಕಿವಿಗೆ ಹಾಕಿಕೊಳ್ಳುವವರು ಸಿಕ್ಕರೆ ಅಂಕ ಕೊಡಲು ನನಗೆ ಜಿಪುಣತನ ಇಲ್ಲ.

ಪರದೆಯ ವಿಷಯದಲ್ಲಿ ಹಾಗಾಗಲಿಲ್ಲ. ಪರೀಕ್ಷಿಸುವ ಮಂಚಕ್ಕೂ ಸಾಲು ನಿಂತ ಜನರಿಗೂ ನಡುವೆ ಒಂದು ಹಸಿರು ಪರದೆ, ಅಗಲ ಸಾಲದು. ಎಡಕ್ಕೆ ಎಳೆದರೆ ಬಲಕ್ಕೆ ಕಾಣುತ್ತದೆ. ಹೊಟ್ಟೆಯ ಮೇಲಿನ ಸೀರೆ ಸರಿಸಿ ಮಲಗಿದ ಹೆಂಗಸಿಗೆ ಬಾಗಿಲಲ್ಲಿ ಯಾರ ಗಂಡ ನಿಂತಿದ್ದಾನೆ ಎಂಬುದರ ಮೇಲೆಯೇ ಜೀವ. ಅಳತೆ ಕೊಡಿ, ನಾನೇ ಹೊಲಿದುಕೊಡುತ್ತೇನೆ, ಬಟ್ಟೆಯೂ ನನ್ನದೇ ಇರಲಿ ಎಂದೆ. ಅನುದಾನದಲ್ಲಿ ಬರುತ್ತದೆ ಎಂದರು. ನನ್ನ ಮೊಮ್ಮಗಳಿಗೆ ಈಗ ಹಲ್ಲು ಬಂದಿದೆ, ಪರದೆ ಬಂದಿಲ್ಲ. ಶೌಚಾಲಯದ ಚಿಲಕವೂ ಹಾಗೆಯೇ. ಮೂತ್ರ ಹಿಡಿದು ತರಲು ಹೋದವಳಿಗೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಈ ಫಜೀತಿ ಬೇಡವೆಂದು ಬಹಳ ಜನ ಬೆಳಿಗ್ಗೆಯಿಂದ ನೀರನ್ನೇ ಕುಡಿಯದೆ ಬರುತ್ತಾರೆ. ಬಿಸಿಲಿನಲ್ಲಿ ಬಂದು, ನೀರಿಲ್ಲದೆ ಕೂತು, ತಲೆ ತಿರುಗಿ ಬಿದ್ದವಳನ್ನು ಎತ್ತಿ ಕೂರಿಸಿದ ಮೇಲೆ ಬಸಿರಿನಲ್ಲಿ ಹೆಚ್ಚು ನೀರು ಕುಡಿಯಬೇಕು ಎಂದು ಭಾಷಣ.

ಈಗ ಸಿಸ್ಟರ್‌ಗಳು. ಇಬ್ಬರಿದ್ದಾರೆ. ಈ ಸೇವೆಯ ಅಂಕ ಏರುವುದೂ ಇಳಿಯುವುದೂ ಅವರಿಬ್ಬರ ನಡುವೆಯೇ.

ಟೇಪಿನ ಸಿಸ್ಟರ್ ಕಾರ್ಡ್ ತೆಗೆದುಕೊಂಡ ಕೂಡಲೇ ಹೆಸರು ಹಿಡಿದು ಕರೆಯುತ್ತಾರೆ. ಸೊಸೆಯ ಹಿಮೋಗ್ಲೋಬಿನ್ ಮೊದಲ ಸಲ 8.6 ಬಂತು. ಅವರು ಆ ಸಂಖ್ಯೆಯನ್ನು ನಮಗೆ ತೋರಿಸಿ, "ನೋಡು ತಂಗಿ, ಬಸುರಿಗೆ 11 ಇರಬೇಕು. ಏಳಕ್ಕಿಂತ ಕೆಳಗೆ ಹೋದರೆ ಅಪಾಯ. ನೀನು ನಡುವೆ ಇದ್ದೀಯ, ಗುಳಿಗೆಯಿಂದಲೇ ಏರಿಸಬಹುದು" ಎಂದರು. ದಿನಕ್ಕೆ ಒಂದರ ಬದಲು ಎರಡು ಕಬ್ಬಿಣದ ಗುಳಿಗೆ. ಸೊಸೆ ಮುಖ ಕಿವುಚಿದಳು, ಒಂದಕ್ಕೇ ಹೊಟ್ಟೆ ತೊಳಸುತ್ತದೆ ಎಂದಳು. ಹಾಗಾದರೆ ಊಟವಾದ ಮೇಲೆ ತೆಗೆದುಕೋ, ರಾತ್ರಿಯದನ್ನು ಮಲಗುವ ಮುಂಚೆ ತೆಗೆದುಕೋ, ಚಹಾದ ಹತ್ತಿರ ತರಬೇಡ, ಕ್ಯಾಲ್ಸಿಯಂ ಗುಳಿಗೆಯನ್ನು ಅದರ ಜೊತೆ ನುಂಗಬೇಡ, ಲಿಂಬೆಹಣ್ಣು ಹಿಂಡಿದ ನೀರಿನ ಜೊತೆಯಾದರೆ ಒಳ್ಳೆಯದು, ಮಲ ಕಪ್ಪಾದರೆ ಹೆದರಬೇಡ ಎಂದರು. ಇಷ್ಟು ಹೇಳಲು ಎರಡು ನಿಮಿಷ ಸಾಕಾಯಿತು. ನಮ್ಮ ಕಡೆ ಹೆಂಗಸರು ಗುಳಿಗೆ ಎಸೆಯುವುದಕ್ಕೆ ಅರ್ಧ ಕಾರಣ ಆ ಕಪ್ಪು ಮಲವೇ. ಮಗುವೂ ಕಪ್ಪಾಗುತ್ತದೆ ಎಂದುಕೊಳ್ಳುತ್ತಾರೆ. ಉಳಿದರ್ಧ, ಗುಳಿಗೆ ನುಂಗಿದರೆ ಮಗು ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಅತ್ತೆಯಂದಿರ ಮಾತು. 2019ರಿಂದ 21ರವರೆಗಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಬಸುರಿಯರಲ್ಲಿ ನೂರಕ್ಕೆ 45 ಜನರಿಗೂ ಹೆಚ್ಚು ರಕ್ತ ಕಡಿಮೆ ಇತ್ತು. ಗುಳಿಗೆ ದವಾಖಾನೆಯ ಕಪಾಟಿನಲ್ಲಿದೆ, ಹೆಂಗಸಿನ ಕೈಗೂ ಬರುತ್ತದೆ. ಕೈಯಿಂದ ಬಾಯಿಗೆ ಹೋಗಬೇಕಾದರೆ ಆ ಎರಡು ನಿಮಿಷದ ಮಾತು ಬೇಕು. ಸೊಸೆಯ ರಕ್ತ ಮುಂದಿನ ತಿಂಗಳು 9.8ಕ್ಕೆ ಬಂತು. ಜೋಳದ ರೊಟ್ಟಿ, ಪುಂಡಿಪಲ್ಯ ನಾವು ಮೊದಲಿನಿಂದಲೂ ತಿನ್ನುವವರೇ. ಏರಿಸಿದ್ದು ಗುಳಿಗೆ ಎಂದೇ ನನ್ನ ತೀರ್ಮಾನ.

ಇನ್ನೊಬ್ಬ ಸಿಸ್ಟರ್ ನೋಂದಣಿಯ ಮೇಜಿನ ಹಿಂದೆ ಕೂರುತ್ತಾರೆ. ಆಧಾರ್ ಜೆರಾಕ್ಸ್, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್, ಫೋಟೊ. ಆಧಾರಿನಲ್ಲಿ ಇನ್ನೂ ತವರಿನ ವಿಳಾಸ ಇದ್ದರೆ ಒಂದು ಗದರಿಕೆ, ಜೆರಾಕ್ಸ್ ಇಲ್ಲದಿದ್ದರೆ ಇನ್ನೊಂದು. ಅದನ್ನಾದರೂ ಸಹಿಸಬಹುದು. ನಮ್ಮ ಮುಂದೆ ನಿಂತಿದ್ದ ಒಬ್ಬ ಹೆಂಗಸಿಗೆ ಅದು ನಾಲ್ಕನೆಯ ಬಸಿರು. "ಇನ್ನೂ ಸಾಕಾಗಿಲ್ಲವಾ ನಿನಗೆ?" ಎಂದು ಇಡೀ ಪಡಸಾಲೆಗೆ ಕೇಳುವಂತೆ ಕೇಳಿದರು. ಕೆಲವರು ನಕ್ಕರು. ಆ ಹೆಂಗಸೂ ನಕ್ಕಳು, ಬೇರೇನು ಮಾಡುತ್ತಾಳೆ. ಮೂರು ಹೆಣ್ಣಾದ ಮೇಲೆ ಮನೆಯವರು ಅವಳನ್ನು ಸುಮ್ಮನೆ ಬಿಟ್ಟಿಲ್ಲ ಎಂಬುದು ಆ ಮೇಜಿಗೆ ಗೊತ್ತಿಲ್ಲವೇ? ನಾಲ್ಕನೆಯ ಬಸಿರು, ಹಿಂದಿನದಕ್ಕೂ ಇದಕ್ಕೂ ವರ್ಷದ ಅಂತರವೂ ಇಲ್ಲ. ಸಾಲಿನಲ್ಲಿ ಎಲ್ಲರಿಗಿಂತ ಮೊದಲು ಹಿಡಿದು ಕೂರಿಸಬೇಕಾದವಳು ಅವಳು. ಅವಳು ಮತ್ತೆ ಆ ಬೆಂಚಿನ ಮೇಲೆ ಕಾಣಲಿಲ್ಲ. ರವಿಕೆ ಹೊಲಿಸಲು ಬಂದಾಗ ಕೇಳಿದೆ. "ನೋವು ಬಂದಾಗ 108ಕ್ಕೆ ಫೋನ್ ಮಾಡಿದರಾಯಿತಲ್ಲ ಅಕ್ಕಾ" ಎಂದಳು.

ಆ ಸಮೀಕ್ಷೆಯಲ್ಲಿ ಇನ್ನೊಂದು ಲೆಕ್ಕವೂ ಇದೆ. ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲಿಯೇ ಆಗಿವೆ. ನಾಲ್ಕು ಸಲವಾದರೂ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಸುಮಾರು 71 ಮಾತ್ರ. ಇಡೀ ರಾಜ್ಯದ ಲೆಕ್ಕ ಅದು, ನಮ್ಮ ಕಡೆಯದ್ದಲ್ಲ. ಹೆರಲು ಆಸ್ಪತ್ರೆಗೆ ಹೋಗುವ ಹೆಂಗಸು ತೋರಿಸಿಕೊಳ್ಳಲು ಹೋಗುವುದಿಲ್ಲ ಎಂದರೆ ಅವಳಿಗೆ ದವಾಖಾನೆಯ ಮೇಲೆ ನಂಬಿಕೆ ಇಲ್ಲ ಎನ್ನಲು ಬರುವುದಿಲ್ಲ. ನೋವಿಗೆ ವಾಹನ ಮನೆ ಬಾಗಿಲಿಗೆ ಬರುತ್ತದೆ, ಕೂಲಿ ಹೋದರೂ ಯಾರೂ ಪ್ರಶ್ನಿಸುವುದಿಲ್ಲ, ಮನೆಮಂದಿಯೆಲ್ಲ ಜೊತೆಗೆ ಓಡುತ್ತಾರೆ. ನೋವಿಲ್ಲದ ದಿನ ಇವ್ಯಾವುದೂ ಇಲ್ಲ. ಐದು ತಿಂಗಳಿನಲ್ಲಿ ಚೆನ್ನಾಗಿ ಓಡಾಡಿಕೊಂಡಿರುವ ಸೊಸೆ ಒಂದು ದಿನ ಕೆಲಸ ಬಿಟ್ಟು ಬೆಂಚಿನ ಮೇಲೆ ಕೂರಲು ಹೊರಟರೆ, "ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು, ನಾವು ಹೆರಲಿಲ್ಲವೇ?" ಎನ್ನುವ ಅತ್ತೆ ಇರುತ್ತಾಳೆ. ಹಾಗೆನ್ನುವವರೆಲ್ಲ ಬದುಕಿ ಉಳಿದವರು. ನನ್ನ ಓರಗೆಯವರಲ್ಲಿ ಹೆರಿಗೆಯಲ್ಲಿ ಹೋದವರ ಹೆಸರು ಕೇಳಿದರೆ ಅವರೇ ಬೆರಳು ಮಡಚಿ ಹೇಳುತ್ತಾರೆ.

ವೈದ್ಯರ ಮಾತು ಬೇಗ ಮುಗಿಸುತ್ತೇನೆ, ಏಕೆಂದರೆ ಅವರ ಪರೀಕ್ಷೆಯೂ ಬೇಗ ಮುಗಿಯುತ್ತದೆ. ಒಂಬತ್ತರಂದು ತಾಲ್ಲೂಕಿನಿಂದ ಲೇಡಿ ಡಾಕ್ಟರ್ ಬರುತ್ತಾರೆ, ಅವರು ಬರುತ್ತಾರೆಂದೇ ಆ ದಿನ ಜನ ಹೆಚ್ಚು. ಕೈ ಚುರುಕು, ಮಾತು ಮೃದು. ಅಷ್ಟು ಜನರಿಗೆ ಅವರೊಬ್ಬರೇ ಎಂದರೆ ಮೃದುವಾದ ಮಾತಿಗೂ ಸಮಯ ಸಿಗುವುದಿಲ್ಲ. ಅಪಾಯದ ಬಸಿರು ಎಂದು ಕಂಡವರ ಕಾರ್ಡಿಗೆ ಕೆಂಪು ಸ್ಟಿಕ್ಕರ್, ತೊಂದರೆ ಇಲ್ಲದವರಿಗೆ ಹಸಿರು. ಈ ಸ್ಟಿಕ್ಕರ್ ಬಹಳ ಒಳ್ಳೆಯ ಏರ್ಪಾಡು, ಓದಲು ಬಾರದವರಿಗೂ ಬಣ್ಣ ತಿಳಿಯುತ್ತದೆ. ಆದರೆ ಏಕೆ ಕೆಂಪು ಎಂದು ಜೊತೆಗೆ ಬಂದವರಿಗೆ ಹೇಳದಿದ್ದರೆ ಅದು ಬೇರೆ ಅರ್ಥ ಪಡೆಯುತ್ತದೆ. ಪಕ್ಕದ ತಾಂಡಾದ ಒಬ್ಬ ಹುಡುಗಿ ಬಹಳ ಗಿಡ್ಡ. 140 ಸೆಂಟಿಮೀಟರ್‌ಗಿಂತ ಕಡಿಮೆ ಎತ್ತರದವರಿಗೆ ಹೆರಿಗೆಯಲ್ಲಿ ತೊಡಕಾಗಬಹುದೆಂದು ಕೆಂಪು ಹಚ್ಚಿದರು. ಮನೆಗೆ ಹೋದ ಮೇಲೆ ಅವಳ ಅತ್ತೆ ಅದನ್ನು ಉಗುರಿನಿಂದ ಕೆರೆದು ತೆಗೆದಳಂತೆ. ಸೊಸೆಗೆ ಏನೋ ದೋಷ ಇದೆ ಎಂದು ನಾಲ್ಕು ಜನ ಆಡಿಕೊಳ್ಳಬಾರದಲ್ಲ. ಕೊನೆಗೆ ಆ ಮನೆಯವರಿಗೆ ಲಂಬಾಣಿ ಮಾತಿನಲ್ಲಿಯೇ ತಿಳಿಸಿ ಹೇಳಿ, ದೊಡ್ಡ ಆಸ್ಪತ್ರೆಯ ಹೆರಿಗೆಗೆ ಒಪ್ಪಿಸಿದವಳು ತಾಂಡಾದವಳೇ ಆದ ಆಶಾ ಕಾರ್ಯಕರ್ತೆ. ಗೌರವಧನ ಹೆಚ್ಚಿಸಿ ಎಂದು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನ ಚಳಿಯಲ್ಲಿ ಮಲಗಿದವರು ಇಂಥವರೇ.

ಸ್ಕ್ಯಾನಿಂಗ್ ಈ ಸೇವೆಯ ಅತಿ ದೊಡ್ಡ ಕೊರತೆ. ಐದನೇ ತಿಂಗಳಿನ ಹೊತ್ತಿಗೆ ಮಗುವಿನ ಅಂಗಾಂಗ ನೋಡುವ ಸ್ಕ್ಯಾನ್ ಆಗಲೇಬೇಕು ಎಂದು ಬರೆದುಕೊಡುತ್ತಾರೆ. ಆರೋಗ್ಯ ಕೇಂದ್ರದಲ್ಲಿ ಯಂತ್ರ ಇಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಯಂತ್ರ ಇದೆ, ನಾವು ಹೋದ ದಿನ ಅದನ್ನು ನೋಡುವ ವೈದ್ಯರು ಇರಲಿಲ್ಲ. ಸೋಮವಾರ ಬನ್ನಿ ಎಂದರು. ಸೋಮವಾರ ಹೋದರೆ ಸಾಲು ಗೇಟಿನವರೆಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಗೆ ಸ್ಕ್ಯಾನ್ ಉಚಿತ ಎಂದು 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿಯೇ ಇದೆ. ಎದುರಿನ ಖಾಸಗಿ ಕೇಂದ್ರದಲ್ಲಿ ಸಾವಿರ ರೂಪಾಯಿಯ ಮೇಲೆ ಕೊಟ್ಟು ಹೊರಬಂದೆವು. ಮೂರು ಮದುವೆ ರವಿಕೆಗಳ ಹೊಲಿಗೆ ಕೂಲಿ ಅದು. ಇದಕ್ಕೆ ಪೂರ್ತಿ ಒಂದು ಅಂಕ ಕಡಿತ, ಚರ್ಚೆಗೆ ಅವಕಾಶ ಇಲ್ಲ.

ಇನ್ನು, ಆ ಬೆಂಚಿಗೆ ಬಾರದೇ ಇರುವವರಲ್ಲಿ ಒಂದು ಗುಂಪಿನ ವಿಷಯ ಬರೆಯಲು ಕಷ್ಟವಾಗುತ್ತದೆ. ಹದಿನೆಂಟು ತುಂಬದೆ ಮದುವೆಯಾದ ಹುಡುಗಿಯರು. ಬಾಲ್ಯವಿವಾಹ ಅಪರಾಧ. ಹದಿನೆಂಟರೊಳಗಿನ ಹುಡುಗಿ ಬಸುರಿಯಾಗಿ ಬಂದರೆ ಪೋಕ್ಸೊ ಕಾಯ್ದೆಯಂತೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಲೇಬೇಕು. ಕಾನೂನು ಬೇಡ ಎನ್ನುವವಳಲ್ಲ ನಾನು. ನನ್ನ ಮದುವೆಯೂ ಹದಿನಾರಕ್ಕೆ ಆಗಿದ್ದು, ಅದರ ಸುಖ ನನಗೆ ಗೊತ್ತಿದೆ. ಆದರೆ ಈಗ ಆಗುತ್ತಿರುವುದೇನೆಂದರೆ, ಮದುವೆ ನಿಲ್ಲುವುದಿಲ್ಲ, ತಪಾಸಣೆ ನಿಲ್ಲುತ್ತದೆ. ಹುಡುಗಿಯನ್ನು ದೂರದ ನೆಂಟರ ಊರಿಗೆ ಸಾಗಿಸುತ್ತಾರೆ, ಇಲ್ಲವೇ ವಯಸ್ಸು ಹತ್ತೊಂಬತ್ತು ಎಂದು ಹೇಳಿಸುತ್ತಾರೆ. ಅಳತೆ ಕೊಡಲು ನಿಂತಾಗ ಅವರ ಭುಜದ ಅಗಲ ನೋಡಿದರೆ ನನಗೆ ನಿಜವಾದ ವಯಸ್ಸು ತಿಳಿಯುತ್ತದೆ. ಎಲ್ಲರಿಗಿಂತ ಹೆಚ್ಚು ಕಾಳಜಿ ಬೇಕಾದ ಬಸಿರು ಅದು, ಎಲ್ಲರಿಗಿಂತ ಹೆಚ್ಚು ಬಚ್ಚಿಟ್ಟ ಬಸಿರೂ ಅದೇ. ಇದಕ್ಕೆ ಆರೋಗ್ಯ ಕೇಂದ್ರದ ಅಂಕ ಕಳೆಯುವುದು ನ್ಯಾಯವಲ್ಲ, ಕಳೆಯುವುದಿಲ್ಲ.

ಗುಳೆ ಹೋಗುವವರದು ಇನ್ನೊಂದು ತಾಪತ್ರಯ. ದೀಪಾವಳಿ ಮುಗಿದರೆ ನಮ್ಮ ಊರಿನಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುವ ಗಂಡ ಹೆಂಡತಿಯರಲ್ಲಿ ಬಸುರಿಯರೂ ಇರುತ್ತಾರೆ. ತಾಯಿ ಕಾರ್ಡನ್ನು ಎಲ್ಲಿಟ್ಟೆ ಎಂದರೆ, "ಟ್ರಂಕಿನಲ್ಲಿ, ರೇಷನ್ ಕಾರ್ಡಿನ ಜೊತೆ ಭದ್ರವಾಗಿದೆ" ಎನ್ನುತ್ತಾರೆ. ಶೆಡ್ಡಿನಲ್ಲಿ ಕಳೆದುಹೋದೀತು ಎಂಬ ಭಯ ಅವರಿಗೆ. ಕಾರ್ಡ್ ಊರಿನಲ್ಲಿ, ಹೊಟ್ಟೆ ಬೆಂಗಳೂರಿನಲ್ಲಿ. ಅಲ್ಲಿ ಹೆಸರು ಹೊಸದಾಗಿ ಬರೆಸಬೇಕು, ರಕ್ತದ ಗುಂಪಿನಿಂದ ಎಲ್ಲ ಮತ್ತೆ ಶುರು. ಕಾರ್ಡಿನ ಮೇಲೆ ಬರೆಯುವ ಹನ್ನೆರಡು ಅಂಕಿಯ ಸಂಖ್ಯೆ ಇದೆಯಲ್ಲ, ಅದನ್ನು ಗಂಡನ ಮೊಬೈಲಿನಲ್ಲಿ ಒಂದು ಫೋಟೊ ಹೊಡೆದಿಟ್ಟುಕೊಂಡರೂ ಸಾಕು ಎಂದು ನಾನು ಈಗ ಅಳತೆ ತೆಗೆಯುವಾಗಲೇ ಹೇಳುತ್ತೇನೆ.

ನಮ್ಮ ಸೊಸೆಯದೂ ಅರ್ಧ ಗುಳೆಯೇ. ಏಳನೇ ತಿಂಗಳಿಗೆ ಕುಬಸ ಮಾಡಿ ಬೀಗರು ರಾಯಚೂರು ಜಿಲ್ಲೆಯ ಅವರ ಊರಿಗೆ ಕರೆದುಕೊಂಡು ಹೋದರು. ಚೊಚ್ಚಲ ಹೆರಿಗೆ ತವರಿನಲ್ಲಿಯೇ ಆಗಬೇಕು, ಅದರಲ್ಲಿ ನಮ್ಮ ತಕರಾರಿಲ್ಲ. ಅಲ್ಲಿಯ ಸಿಸ್ಟರ್ ಕಾರ್ಡ್ ತೆರೆದು ನೋಡಿದರೆ ಸಕ್ಕರೆ ಪರೀಕ್ಷೆಯ ಮುಂದೆ ಬರೀ ಒಂದು ಟಿಕ್ ಗುರುತು. ಎಷ್ಟು ಬಂತು ಎಂಬ ಸಂಖ್ಯೆ ಇಲ್ಲ. ಬೀಗತಿ ನನಗೆ ಫೋನ್ ಮಾಡಿ ಕೇಳಿದರು. ಸೊಸೆ ಜಾಣೆ, ಅವಳಿಗೆ ಬಾಯಿಪಾಠ ಇತ್ತು, 118. ಬಾಯಿಪಾಠ ಇಲ್ಲದವರು ಇನ್ನೊಮ್ಮೆ ಆ ಸಿಹಿ ನೀರು ಕುಡಿಯುತ್ತಾರೆ. ಅಲ್ಲಿ ಎಂಟನೇ ತಿಂಗಳಿನಲ್ಲಿ ರಕ್ತ ಇನ್ನೂ 10 ಇದೆ, ಬಾಟಲಿಯಲ್ಲಿ ಕಬ್ಬಿಣಾಂಶ ಏರಿಸೋಣವೇ ಎಂಬ ಮಾತು ಬಂದಾಗ ಬೀಗರ ಮನೆಯಲ್ಲಿ ಎಲ್ಲರೂ ಹೆದರಿದರು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡ ಸುದ್ದಿ, ಅವರಿಗೆ ಏರಿಸಿದ ಬಾಟಲಿಯ ದ್ರಾವಣವೇ ಕಾರಣವಿರಬಹುದು ಎಂಬ ಸಂಶಯ ಟಿವಿಯಲ್ಲಿ ಬಂದ ಮೇಲೆ ನಮ್ಮ ಕಡೆ ಬಾಟಲಿ ಎಂದರೆ ಜನ ಬೆಚ್ಚುತ್ತಾರೆ. ಅದು ಬೇರೆ ದ್ರಾವಣ, ಇದು ಬೇರೆ ಔಷಧ ಎಂದು ಅಲ್ಲಿಯ ವೈದ್ಯರು ಕುಳಿತು ವಿವರಿಸಿದರಂತೆ, ಒತ್ತಾಯ ಮಾಡಲಿಲ್ಲವಂತೆ. ಗುಳಿಗೆಯಲ್ಲಿಯೇ ಮುಂದುವರಿದರು. ಹೆರಿಗೆ ಸರಾಗವಾಗಿ ಆಯಿತು. ಹೆಣ್ಣು ಮಗು, ಎರಡು ಕಿಲೋ ಎಂಟುನೂರು ಗ್ರಾಂ.

ಹಾಗಾದರೆ ಐದಕ್ಕೆ ಮೂರೂವರೆ. ಸ್ಕ್ಯಾನಿಗೆ ಒಂದು, ಬಸ್ಸು ಮತ್ತು ಸಿಹಿ ನೀರಿನ ಗೊಂದಲಕ್ಕೆ ಅರ್ಧ ಕಳೆದಿದ್ದೇನೆ. ಪರದೆಗೂ ನೋಂದಣಿ ಮೇಜಿನ ನಾಲಿಗೆಗೂ ಸೇರಿ ಇನ್ನೊಂದು ಕಳೆಯಬೇಕಿತ್ತು. ಟೇಪಿನ ಸಿಸ್ಟರ್ ಅದನ್ನು ಮರಳಿ ದುಡಿದುಕೊಟ್ಟರು.

ಹೋಗುವವರಿಗೆ ಒಂದೆರಡು ಮಾತು. ಮೊದಲ ಬಸ್ಸಿಗೇ ಹೋಗಿ. ಆಧಾರ್ ಮತ್ತು ಪಾಸ್‌ಬುಕ್ಕಿನ ಜೆರಾಕ್ಸ್ ಹಿಂದಿನ ಸಂತೆಯ ದಿನವೇ ಮಾಡಿಸಿಟ್ಟುಕೊಳ್ಳಿ, ಆರೋಗ್ಯ ಕೇಂದ್ರದ ಸುತ್ತ ಜೆರಾಕ್ಸ್ ಅಂಗಡಿ ಇಲ್ಲ. ರೊಟ್ಟಿ, ನೀರು ಕಟ್ಟಿಕೊಂಡು ಹೋಗಿ. ಸಕ್ಕರೆ ಪರೀಕ್ಷೆ ಇದ್ದರೆ ಕೌಂಟರಿನಲ್ಲಿ ನಿಂತ ಕೂಡಲೇ ಆ ನೀರು ಕೇಳಿ, ಗದರಿದರೂ ಕೇಳಿ. ಕಾರ್ಡಿನಲ್ಲಿ ಟಿಕ್ ಹಾಕಿದರೆ ಸಂಖ್ಯೆ ಬರೆಯಿರಿ ಎನ್ನಿ. 9ನೇ ತಾರೀಖು ಭಾನುವಾರವೋ ರಜೆಯೋ ಆದರೆ ಮರುದಿನ ನಡೆಸಬೇಕೆಂಬ ನಿಯಮ ಇದೆ, ಆದರೂ ಹೊರಡುವ ಮುಂಚೆ ಆಶಾ ಅಕ್ಕನಿಗೆ ಒಂದು ಫೋನ್ ಮಾಡಿ ಲೇಡಿ ಡಾಕ್ಟರ್ ಬರುತ್ತಾರೋ ಇಲ್ಲವೋ ಕೇಳಿಕೊಳ್ಳಿ.